ಪಾಸಾದ ತಗಡು

ಕಮಲಾಪುರ
3 ಜೂನ್ 1991

ಸಣ್ಣ ರಾಯರು ಜಯತೀರ್ಥ ಅವರಿಗೆ ರೇವಮ್ಮ ಮಾಡುವ ಶರಣು.

ನಿಮ್ಮ ಕಾಗದ ಮುಟ್ಟಿತು. ಅಂಚೆಯವ ಬಾಗಲಾಗ ನಿಂತು ನನ್ನ ಹೆಸರು ಕೂಗಿದ ಕೂಡಲೇ ಎದಿ ಧಸಕ್ಕಂತು. ನಮ್ಮ ಮನೀಗಿ ಕಾಗದ ಬರೂದು ಯಾರರೆ ಸತ್ತಾಗ ಅಷ್ಟ. ಒಡಿಯೂತನಕ ಬೀಗರು ಬಿಜ್ಜರು ಎಲ್ಲಾರ ಹೆಸರೂ ಒಂದೊಂದಾಗಿ ನೆನಸಿದೆ. ಯಾರೂ ಸತ್ತಿಲ್ಲ, ನೀವು ಗಾಡಿ ಬಗ್ಗೆ ಕೇಳೀರಿ ಅಂತ ತಿಳದ ಮ್ಯಾಲ ಕುಂತು ನೀರು ಕುಡದೆ.

ನಮ್ಮವರು ತೀರಿಕೊಂಡ ಸುದ್ದಿ ಈಗ ಕಿವೀಗಿ ಬಿತ್ತು ಅಂತ ಬರದೀರಿ. ಹೋದ ವರ್ಷ ಶ್ರಾವಣದಾಗ ಹೋದ್ರು. ನಿಮ್ಮ ಮನ್ಯಾಗ ಅಷ್ಟು ವರ್ಷ ಡ್ರೈವರ್‌ಕಿ ಮಾಡಿದವರು, ನಿಮ್ಮನ್ನ ದಿನಾ ಸಾಲಿಗಿ ಬಿಟ್ಟು ಬಂದವರು. ತಿಳಸಬೇಕು ಅನಕೊಂಡಿದ್ದೆ. ಖೂಬಾ ಪ್ಲಾಟಿನ ಮನಿ ನಂಬರು ಗೊತ್ತಿದ್ದಿಲ್ಲ. ಮತ್ತ ದೊಡ್ಡ ಮಂದಿಗಿ ನಮ್ಮ ಸುದ್ದಿ ಯಾಕ ಅಂತನೂ ಅನಿಸ್ತು.

ಗಾಡಿ ಅದ. ನಿಮ್ಮ ತಂದಿ ನರಸಿಂಹರಾಯರು, ನಮ್ಮ ದೊಡ್ಡ ರಾಯರು, ಅಂಬಾಸಡರ್ ತಗೊಂಡಾಗ, "ಕಾಶಿರಾಯ, ಇದನ್ನ ನೀನೇ ಇಟ್ಟುಕೋ. ನಿನ್ನ ಮಾತು ಕೇಳ್ತದ, ನನ್ನ ಮಾತು ಕೇಳಂಗಿಲ್ಲ" ಅಂತ ಕೊಟ್ಟ ಅದೇ ಕರೀ ಶೆವರ್ಲೆಟ್. ಬಾಳಿ ತ್ವಾಟಕ್ಕ ಹೋಗೂ ದಾರ್ಯಾಗ ಶೆಡ್ ಹಾಕಿ ನಿಲ್ಲಸೀವಿ. ಹಿಂದಿನ ಸೀಟಿನ ಮ್ಯಾಲ ಬೆಕ್ಕು ಮರಿ ಹಾಕ್ಯಾದ, ಸಿಟ್ಟಾಗಬ್ಯಾಡ್ರಿ, ಕಣ್ಣು ತೆರದ ಕೂಡಲೇ ಎಬ್ಬಸ್ತೀನಿ.

ಹೈದರಾಬಾದಿನ ನಿಮ್ಮ ಗೆಳೆಯರು ಅಮೇರಿಕಾದ ಹಳೀ ಗಾಡಿ ಕೂಡಿಸಿ ಇಡ್ತಾರ, ಇದನ್ನೂ ತಗೋತೀನಿ ಅಂತಾರ ಅಂದೀರಿ. ಮಾರೂದೋ ಬಿಡೂದೋ ನನಗ ತಿಳೀವಲ್ದು. ಮಾರಿದ್ರ ನಮ್ಮವರು ಕನಸಿನ್ಯಾಗ ಬಂದು ಬೈತಾರೇನೋ. ಇಟ್ಟುಕೊಂಡ್ರ ಇಲಿ ವೈರ್ ಕಡೀತಾವ.

ಬಾನೆಟ್ ಎತ್ತಿ, ಎಂಜಿನ್ನಿಗೂ ಡ್ರೈವರಿಗೂ ನಡುವ ಇರೂ ಗ್ವಾಡೀಗಿ ಬಡದ ತಗಡಿನ ಮ್ಯಾಲಿನ ಅಕ್ಷರ ಬರದು ಕಳಸ್ರಿ ಅಂತೀರಿ. ಬಾನೆಟ್ ಎತ್ತಲಾಕ ಓಣ್ಯಾಗಿನ ಟೆಂಪೋ ಯಂಕಪ್ಪನ ಕರದೆ. ನನಗ ಇಂಗ್ರಜಿ ಬರಂಗಿಲ್ಲ. ನಾಕನೇ ಇಯತ್ತಿ ನಡುವನೇ ಸಾಲಿ ಬಿಡಿಸಿ ಎಮ್ಮಿ ಹಿಂದ ಕಳಸಿದ್ರು. ಅಂಕಿ ಬರ್ತಾವ. ಮ್ಯಾಲಿನ ಕುಂಕುಮ ಚೂರು ಸರಿಸಿ ನೋಡಿದೆ, ಮೊದಲ 57 ಅದ, ಆಮ್ಯಾಲ ಒಂದು ಗೆರಿ, ಆಮ್ಯಾಲ 10. ಅಲ್ಲಿಂದ ಮುಂದ ಬರಿಯಂಗಿಲ್ಲರೀ. ಆ ತಗಡಿನ ಅಕ್ಷರ ಪೂರಾ ಹೊರಗಿನವರಿಗಿ ಕೊಡಬಾರದು ಅಂತ ನಮ್ಮವರು ಹೇಳ್ತಿದ್ರು. ಯಾಕಂತ ಕೇಳಬ್ಯಾಡ್ರಿ.

ಕಾಗದದಾಗ ತಪ್ಪು ಇದ್ರ ಹೊಟ್ಯಾಗ ಹಾಕ್ಕೋರಿ.

ರೇವಮ್ಮ

&nbsp;

ಖೂಬಾ ಪ್ಲಾಟ್, ಕಲಬುರ್ಗಿ
10 ಜೂನ್ 1991

ಪ್ರಿಯ ರೇವಕ್ಕನಿಗೆ ಜಯತೀರ್ಥನ ನಮಸ್ಕಾರ.

ನಿಮ್ಮ ಕಾಗದ ಓದಿ ಕಾಶಣ್ಣನ ಧ್ವನಿಯೇ ಕೇಳಿದಂತಾಯಿತು. ಅವನು ಹಾರ್ನ್ ಹೊಡೆಯದೇ ನಮ್ಮ ಗೇಟಿನ ಮುಂದೆ ನಿಂತು ಕೆಮ್ಮುತ್ತಿದ್ದದ್ದು, ನಾವು ಹುಡುಗರು ಚೀಲ ಎಳೆದುಕೊಂಡು ಓಡುತ್ತಿದ್ದದ್ದು ಎಲ್ಲ ನೆನಪಾಯಿತು. ತಂದೆಯವರು ಆ ಗಾಡಿಯನ್ನು ಮುಂಬಯಿಯಲ್ಲಿ ವಿದೇಶಿ ದೂತಾವಾಸದ ಒಬ್ಬರಿಂದ ಕೊಂಡದ್ದು. ಎಡಗಡೆ ಸ್ಟೇರಿಂಗ್ ಇದ್ದ ಗಾಡಿ ಊರಿಗೇ ಅದೊಂದು ಅಂತ ನಮಗೆ ಎಷ್ಟು ಜಂಬ!

ತಗಡಿನ ವಿಷಯ. ಅದು ಅಮೇರಿಕದ ಕಾರಖಾನೆಯಲ್ಲಿ ಬಡಿದದ್ದು. ಗಾಡಿ ಯಾವ ಇಸವಿಯದು, ಬಾಗಿಲು ಎಷ್ಟು, ಮೇಲಿನ ಮಾಡು ಎಂಥದು, ಬಣ್ಣ ಯಾವುದು, ಸೀಟಿಗೆ ಹಾಕಿದ ಬಟ್ಟೆ ಯಾವುದು, ಎಲ್ಲವನ್ನೂ ಅಂಕಿಯಲ್ಲೇ ಹೇಳಿರುತ್ತಾರೆ. ಗೆಳೆಯನ ಹತ್ತಿರ ಅದನ್ನು ಬಿಡಿಸುವ ದಪ್ಪ ಪುಸ್ತಕವಿದೆ. 57 ಅಂದರೆ ಐವತ್ತೇಳನೇ ಇಸವಿ. ಬಾಗಿಲು ಎಷ್ಟು, ಮಾಡು ಎಂಥದು ಅನ್ನುವುದು ನೀವು ಬರೆದ ಹತ್ತರ ಮುಂದಿನ ಎರಡು ಅಂಕಿಯಲ್ಲಿದೆ. ಸರಿಯಾಗಿ ಅಲ್ಲೇ ಕೈ ನಿಲ್ಲಿಸಿದ್ದೀರಿ!

ಅಕ್ಷರ ಹೊರಗೆ ಕೊಡಬಾರದು ಅಂತ ಕಾಶಣ್ಣ ಯಾಕೆ ಹೇಳಿದ? ಕೇಳಬೇಡಿ ಅಂದಿದ್ದೀರಿ, ಆದರೂ ಮನಸ್ಸಿನಲ್ಲಿ ಉಳಿಯಿತು. ಗೆಳೆಯನಿಗೂ ವಿಚಿತ್ರ ಅನಿಸಿತು. ಬರೆಯುವುದು ಕಷ್ಟವಾದರೆ ತೆಳ್ಳನೆ ಕಾಗದವನ್ನು ತಗಡಿನ ಮೇಲೆ ಇಟ್ಟು ಪೆನ್ಸಿಲಿನಿಂದ ಉಜ್ಜಿ ಕಳಿಸಿ, ಅಕ್ಷರ ತಾವೇ ಮೂಡುತ್ತವೆ.

ನಿಮ್ಮ
ಜಯತೀರ್ಥ

&nbsp;

ಕಮಲಾಪುರ
16 ಜೂನ್ 1991

ಸಣ್ಣ ರಾಯರಿಗೆ ಶರಣು.

ಉಜ್ಜಿ ಕಳಸೀನಿ. ಕಾಗದ ಇದರಾಗನೇ ಮಡಚಿ ಇಟ್ಟೀನಿ, ಒಡಿಯೂವಾಗ ಹರೀಬ್ಯಾಡ್ರಿ. ತಗಡು ಸ್ವಚ್ಛ ಮಾಡೂದೇ ದೊಡ್ಡ ಕೆಲಸಾತು. ಪ್ರತಿ ವರ್ಷ ದಸರಾದಾಗ ಖಂಡೆ ಪೂಜಾಕ್ಕ ಹಚ್ಚಿದ ಅರಿಷಿಣ ಕುಂಕುಮ ಎಣ್ಣಿ ಒಂದರ ಮ್ಯಾಲ ಒಂದು ಕುಂತು ಹಲಿಗಿ ಆಗಿತ್ತು. ಬೆರಳ ಉಗುರಿನಿಂದ ತೆಗದೆ, ಚಾಕು ಹಚ್ಚಲಾಕ ಧೈರ್ಯ ಆಗಲಿಲ್ಲ. ಉಜ್ಜೂಕಿಂತ ಮೊದಲ ನಮ್ಮವರ ಫೋಟೋದ ಮುಂದ ನಿಂತು ತಪ್ಪಾತು ಅಂದೀನಿ.

ನೀವು ಕಾರಖಾನಿ ತಗಡು ಅಂತೀರಿ. ಇರಬಹುದು. ಕಾರಖಾನಿಯವರೂ ಮನಷ್ಯಾರೇ ಅಲ್ಲ, ದೇವರಿಗಿ ಅಂಜಿ ಏನರೆ ಬರದಿರಬಹುದು.

ಗಾಡಿ ಈಗ ಹೊಳೀಲಾಕತ್ತದ. ಒರಸೀನಿ. ಬೆಕ್ಕು ಸಿಟ್ಟಾಗಿ ಮರೀ ಕಚ್ಚಿಕೊಂಡು ಅಟ್ಟದ ಮ್ಯಾಲ ಹೋತು. ಈಗ ಮರಿ ಬಿದ್ದಾವೇನೋ ಅಂತ ಅದೊಂದು ಫಿಕರ ಹತ್ತ್ಯಾದ.

ಅಂಕಿ ಬಿಡಿಸಿ ಏನು ಬಂತು ಅಂತ ಜಲ್ದಿ ಬರೀರಿ. ತಡ ಮಾಡಿದ್ರ ನನಗ ಉಂಡದ್ದು ಅರಗಂಗಿಲ್ಲ.

ರೇವಮ್ಮ

&nbsp;

ಕಮಲಾಪುರ
9 ಜುಲೈ 1991

ಜಯತೀರ್ಥರಾಯರಿಗೆ,

ಮೂರು ವಾರಾತು, ನಿಮ್ಮ ಉತ್ತರ ಇಲ್ಲ. ಕಾಗದ ದಾರ್ಯಾಗ ಕಳೀತೇನು, ನಿಮ್ಮ ಮನ್ಯಾಗ ಯಾರಿಗರೆ ಆರಾಮಿಲ್ಲೇನು, ನಾ ಉಜ್ಜಿದ್ದು ತಪ್ಪಾತೇನು ಅಂತ ದಿನಾ ಒಂದೊಂದು ಅನಕೋತ ಕುಂತಿದ್ದೆ. ನಿಮ್ಮ ಉತ್ತರ ಬ್ಯಾರೆ ದಾರೀಲೆ ಬಂತು ನೋಡ್ರಿ.

ನಿನ್ನಿ ಬಾಳಿಹಣ್ಣು ತಗೊಂಡು ಕಲಬುರ್ಗಿ ಬಜಾರಕ್ಕ ಹೋಗಿದ್ದೆ. ನಮ್ಮ ಊರ ಕೆಂಪು ಬಾಳಿ ತಗೊಳಾಕ ಬಂದ ಒಬ್ಬಾಕಿ ಹೆಣ್ಣಮಗಳು, ಎಲ್ಲಿಯವರು ಅಂತ ಕೇಳಿದ್ಲು. ಕಮಲಾಪುರ ಅಂದೆ. "ಅಯ್ಯ, ವಕೀಲ ನರಸಿಂಹರಾಯರ ಗಾಡಿ ಮಾರಿಕೊಂಡು ಖೋಟಾ ಗಾಡಿ ತಂದಿಟ್ಟ ಡ್ರೈವರನ ಊರಲ್ಲ ಅದು?" ಅಂದ್ಲು. ನನ್ನ ಕೈಯಾಗಿನ ಹಣ್ಣಿನ ಗೊನಿ ನೆಲಕ್ಕ ಬಿತ್ತು. ಯಾರು ಹೇಳಿದ್ರವ್ವ ಅಂತ ಕೇಳಿದ್ರ, "ಖೂಬಾ ಪ್ಲಾಟಿನ್ಯಾಗ ಸಕ್ಕೂಬಾಯಿಯವರ ಮನ್ಯಾಗ ಭಜನಾಕ್ಕ ಕೂಡಿದಾಗ ಮಾತು ಬಂದಿತ್ತು" ಅಂದ್ಲು.

ಸಕ್ಕೂಬಾಯಿ ಅಂದ್ರ ನಿಮ್ಮ ಅತ್ಯಾ. ನನಗ ಹೇಳದ ಮಾತು ಭಜನಾದವರಿಗಿ ಹೇಳೀರೇನು? ಸುಳ್ಳಿರಬೇಕು ಅನಕೊಂಡು ಬರದೀನಿ. ಸುಳ್ಳು ಅಂತ ಒಂದು ಸಾಲು ಬರೀರಿ, ಸಾಕು.

ರೇವಮ್ಮ

&nbsp;

ಖೂಬಾ ಪ್ಲಾಟ್, ಕಲಬುರ್ಗಿ
15 ಜುಲೈ 1991

ಶ್ರೀಮತಿ ರೇವಮ್ಮ, ಗಂಡ ದಿವಂಗತ ಕಾಶಿರಾಯ, ಇವರಿಗೆ.

ಬರೆಯುವುದು ಕಷ್ಟವಾದ್ದರಿಂದಲೇ ತಡವಾಯಿತು. ಮುಚ್ಚಿಟ್ಟು ಪ್ರಯೋಜನವಿಲ್ಲ.

ನೀವು ಕಳಿಸಿದ ಅಂಕಿ 57-1067. ಪುಸ್ತಕದ ಪ್ರಕಾರ ಅರವತ್ತೇಳು ಅಂದರೆ ಎರಡೇ ಬಾಗಿಲಿನ, ಬಟ್ಟೆಯ ಮಾಡನ್ನು ಹಿಂದಕ್ಕೆ ಮಡಚಿಡುವ ಗಾಡಿ. ಬಣ್ಣದ ಅಂಕಿ ಕೆಂಪು ಎನ್ನುತ್ತದೆ. ನಮ್ಮ ತಂದೆಯವರದು ಗಟ್ಟಿ ಮಾಡಿನ, ನಾಲ್ಕು ಬಾಗಿಲಿನ ಕಪ್ಪು ಗಾಡಿ. ಅದಕ್ಕೆ 1019 ಇರಬೇಕಾಗಿತ್ತು. ತಗಡು ಒಂದು ಗಾಡಿಯದು, ಮೈ ಇನ್ನೊಂದರದು. ಕಳವಿನ ಗಾಡಿಗಳಲ್ಲಿ ಹೀಗೆ ಆಗುತ್ತದೆ ಎಂದು ಗೆಳೆಯ ಹೇಳಿದ. ನಾನು ಶಾಲೆಯಲ್ಲಿದ್ದಾಗ ಕಾಶಿರಾಯ ಗಾಡಿಯನ್ನು ರಿಪೇರಿಗೆಂದು ಒಯ್ದು ತಿಂಗಳುಗಟ್ಟಲೆ ಇಟ್ಟುಕೊಂಡ ನೆನಪು ನನಗಿದೆ. ಬದಲಾದದ್ದು ಆಗಲೇ ಇರಬೇಕು.

ಅಕ್ಷರ ಹೊರಗೆ ಕೊಡಬಾರದು ಅಂತ ಅವನು ಹೇಳಿದ್ದು, ನೀವು ಆ ಎರಡು ಅಂಕಿಯ ಹತ್ತಿರವೇ ನಿಲ್ಲಿಸಿದ್ದು, ಫೋಟೋದ ಮುಂದೆ ತಪ್ಪಾಯಿತು ಅಂದದ್ದು. ಇವನ್ನೆಲ್ಲ ನಾನು ಹೇಗೆ ಓದಬೇಕು, ನೀವೇ ಹೇಳಿ.

ಸತ್ತವನ ಮೇಲೆ ಹಗೆಯಿಲ್ಲ. ಹೊರಗೆ ಯಾರಿಗೂ ಹೇಳಿಲ್ಲ. ಇದರ ಜೊತೆ ಒಂದು ಬರವಣಿಗೆ ಇಟ್ಟಿದ್ದೇನೆ, 'ಈ ಗಾಡಿ ನರಸಿಂಹರಾಯರದಲ್ಲ' ಎಂದು. ಸಹಿ ಮಾಡಿ ಕಳಿಸಿದರೆ ಗೆಳೆಯ ಅದನ್ನು ಬಿಡಿಭಾಗಕ್ಕಾದರೂ ತೆಗೆದುಕೊಳ್ಳುತ್ತಾನೆ. ನಿಮಗೂ ಅನುಕೂಲ.

ಜಯತೀರ್ಥ ನರಸಿಂಹರಾವ್

&nbsp;

ಕಮಲಾಪುರ
20 ಜುಲೈ 1991

ಜಯತೀರ್ಥರಾಯರಿಗೆ,

ಸಹಿ ಮಾಡಂಗಿಲ್ಲ.

ಇದನ್ನ ಮೊದಲ ಬರದೀನಿ, ಯಾಕಂದ್ರ ನನ್ನ ಸ್ವಭಾವ ನನಗ ಗೊತ್ತದ, ಬರಕೋತ ಹೋದ್ರ ಅಂಜಿ ಮೆತ್ತಗ ಆಗ್ತೀನಿ. ನಿಮ್ಮ ಕಾಗದ ಬಂದಾಗಿಂದ ಪೊಲೀಸರು ಬರ್ತಾರೇನು, ಶೆಡ್ಡಿಗಿ ಬೀಗ ಹಾಕ್ತಾರೇನು, ಬೀಗರು ಏನಂತಾರ, ಎಲ್ಲಾ ಫಿಕರ ಅದ. ಆದ್ರೂ ಸಹಿ ಮಾಡಂಗಿಲ್ಲ. ಆ ಬರವಣಿಗಿ ಒಲ್ಯಾಗ ಹಾಕಿ ಅದರ ಮ್ಯಾಲ ಚಹಾ ಕಾಸಿ ಕುಡದೀನಿ.

ಹೊರಗ ಯಾರಿಗೂ ಹೇಳಿಲ್ಲ ಅಂತೀರಿ. ಮತ್ತ ಹಣ್ಣು ತಗೊಳಾಕಿಗಿ ಗಾಳಿ ಬಂದು ಹೇಳ್ತೇನು?

ನಾ ಯಾಕ ಅಂಕಿ ಕೊಡಲಿಲ್ಲ, ಕೇಳ್ರಿ ಈಗ. ಆ ತಗಡು ಯಂತ್ರ ಅಂತ ನಮ್ಮವರು ನಂಬಿದ್ರು. ಮನೀ ಬಾಗಲಿಗಿ ಬಡೀತಾರಲ್ಲ, ತಾಮ್ರದ ತಗಡಿನ ಮ್ಯಾಲ ಅಂಕಿ ಅಕ್ಷರ ಬರದು, ಹಂಗ. ಯಂತ್ರದ ಅಕ್ಷರ ಹೊರಗಿನವರ ಬಾಯಾಗ ಬಂದ್ರ ಶಕ್ತಿ ಹೋಗ್ತದ ಅಂತ ನಮ್ಮ ಕಡೆ ಸಣ್ಣ ಕೂಸೂ ಹೇಳ್ತದ. ಅದಕ್ಕ ಅರ್ಧಕ್ಕ ಬಿಟ್ಟೆ. ಅದಕ್ಕ ತಪ್ಪಾತು ಅಂದೆ. ನಾ ದೇವರಿಗಿ ಅಂಜಿದ್ದು ನೀವು ಕಳ್ಳರ ಅಂಜಿಕಿ ಅಂತ ಓದೀರಿ. ಇಷ್ಟು ಸಾಲಿ ಕಲ್ತು ಓದಿದ್ದು ಹಿಂಗೇನು?

ಆ ತಗಡಿನ್ಯಾಗ ಕೆಂಪು ಗಾಡಿ ಅಂತ ಹ್ಯಾಂಗ ಬಂತೋ ನನಗ ಗೊತ್ತಿಲ್ಲ. ಗೊತ್ತಿಲ್ಲ ಅಂತ ಹೇಳಾಕ ನನಗ ನಾಚಿಕಿ ಇಲ್ಲ. ಆದ್ರ ಗಾಡಿ ಕರೀದದ, ನಾಕು ಬಾಗಿಲ ಅವ, ದಿನಾ ಒರಸ್ತೀನಿ. ಕಮಲಾಪುರ ಎಷ್ಟು ದೂರದರೀ ನಿಮಗ? ಬಸ್ಸಿನ್ಯಾಗ ಒಂದು ನಿದ್ದಿ. ಅಮೇರಿಕಾದ ಪುಸ್ತಕ ತರಿಸಿ ನೋಡೀರಿ, ಇಲ್ಲಿ ಬಂದು ಗಾಡಿ ನೋಡಿಲ್ಲ.

ನಮ್ಮವರ ಸಂಗಡ ಕೆಲಸ ಮಾಡಿದ ಒಬ್ಬ ಮಿಸ್ತ್ರಿ ಕಲಬುರ್ಗಿ ರೋಜಾ ಓಣ್ಯಾಗ ಇನ್ನೂ ಇದ್ದಾನಂತ. ಹೋಗಿ ಕೇಳ್ತೀನಿ. ಅವ ಏನು ಹೇಳ್ತಾನೋ ಗೊತ್ತಿಲ್ಲ. ಆದ್ರೂ ಹೋಗ್ತೀನಿ.

ರೇವಮ್ಮ, ಗಂಡ ಕಾಶಿರಾಯ

&nbsp;

ಕಮಲಾಪುರ
2 ಆಗಸ್ಟ್ 1991

ಜಯತೀರ್ಥರಾಯರಿಗೆ,

ಇಮಾಮುದ್ದೀನ್ ಮಿಸ್ತ್ರಿ ಸಿಕ್ಕ. ದರ್ಗಾದ ಹಿಂದ ಗಲ್ಲೀನ್ಯಾಗ ಸೈಕಲ್ ಪಂಕ್ಚರ್ ಅಂಗಡಿ ಇಟ್ಟಾನ. ಕಣ್ಣಾಗ ಪರಿ ಬಂದಾದ, ನನ್ನ ಧ್ವನಿ ಕೇಳಿ ಗುರುತು ಹಿಡದ.

"ಕ್ಯಾ ಭಾಭೀ, ಇಪ್ಪತ್ತು ವರ್ಷ ಆದ ಮ್ಯಾಲ ರೋಜಾ ನೆನಪಾತೇನು? ಸೈಕಲ್ ಕಲ್ತೀರೇನು?"

ನಿಮ್ಮ ಕಾಗದದ ಮಾತು ಹೇಳಿದೆ. ಅವ ನಗಲಾಕ ಹತ್ತಿದ, ಕೆಮ್ಮು ಬರೂತನಕ ನಕ್ಕ.

"ಕಾಶಿರಾಯ ಚೋರ್? ಅವ ನಂದು ಒಂದು ನಟ್ಟು ಬಿಚ್ಚೂ ಪಾನಾ ಒಯ್ದಿದ್ದ, ಅದೊಂದು ಖರೇ. ಅದನ್ನೂ ವಾಪಸ್ ಕೊಟ್ಟ, ಪೂರಾ ಸವದ ಮ್ಯಾಲ."

"ನಗಬ್ಯಾಡ ಮಿಸ್ತ್ರೀ, ನನ್ನ ಜೀವ ಹೊಂಟದ. ತಗಡು ಎಲ್ಲಿಂದು?"

"ಕೆಂಪು ಗಾಡೀದು. ರಾಯರ ಮಗ ಆ ಮಾತು ಮಾತ್ರ ಬರೋಬರ್ ಹೇಳ್ಯಾನ."

ಅಂವ ಹೇಳಿದ್ದು ಹಂಗೇ ಬರೀತೀನಿ. ಒಂದು ವರ್ಷ ಉರುಸು ಮುಗಿಸಿಕೊಂಡು ಹೈದರಾಬಾದಿನ ಒಬ್ಬ ನವಾಬರ ಮನೀ ಮಂದಿ ಕೆಂಪು ಗಾಡ್ಯಾಗ ಹೊಂಟಿದ್ರಂತ, ಮ್ಯಾಲಿನ ಬಟ್ಟಿ ಮಡಚೂ ಗಾಡಿ. ನಮ್ಮ ಕಮಲಾಪುರ ದಾಟಿ ಇಳಿಜಾರಿನ್ಯಾಗ ಬ್ರೇಕ್ ಹೋಗಿ ಪಲ್ಟಿ ಹೊಡೀತು. ನಮ್ಮವರು ನಿಮ್ಮ ತಂದೀನ ಹುಮನಾಬಾದಕ್ಕ ಬಿಟ್ಟು ಖಾಲಿ ಗಾಡಿ ತಗೊಂಡು ಬರೂವಾಗ ಅದನ್ನ ಕಣ್ಣಾರೆ ನೋಡ್ಯಾರ. ಒಳಗಿದ್ದವರು ಎಲ್ಲಾರೂ ಬಟ್ಟಿ ಝಾಡಿಸಿಕೊಂಡು ಎದ್ದು ನಿಂತ್ರಂತ. ಒಬ್ಬರಿಗೂ ಗೀಚು ಇಲ್ಲ. ಒಬ್ಬಾಕಿ ಮುದುಕಿ ಕೈಯಾಗಿನ ಪಾನಿನ ಡಬ್ಬಿ ಸುದ್ದಾ ಚೆಲ್ಲಿರಲಿಲ್ಲಂತ.

ನಜ್ಜುಗುಜ್ಜಾದ ಗಾಡಿ ಎಳಕೊಂಡು ಹೋಗಿ ಕೋಟನೂರ ಕಡೆ ಗುಜರ್ಯಾಗ ಒಗದ್ರು. ಕಲಬುರ್ಗಿ ಡ್ರೈವರ್‌ಗೋಳು ಎಲ್ಲಾ ಜಾತ್ರಿ ಕೂಡಿದಂಗ ಕೂಡಿ ನೋಡಿದ್ರು. ಬಾನೆಟ್ ಒಳಗ ಅಂಕಿ ಅಕ್ಷರ ಬರದ ತಗಡು ಕಂಡಿತು. ಯಾರಿಗೂ ಓದಲಾಕ ಬರಲಿಲ್ಲ. ಇದು ತಾವೀಜು, ತಾಯತದ ತಗಡು, ಇದೇ ಮಂದೀನ ಉಳಸ್ಯಾದ ಅಂದ್ರು.

"ನಿನಗ ಗೊತ್ತಿರಲಿಲ್ಲೇನು ಅದು ಕಾರಖಾನಿ ತಗಡು ಅಂತ?" ಅಂದೆ.

"ಭಾಭೀ, ನನಗ ಎಂಜಿನ್ ಓದಲಾಕ ಬರ್ತದ, ಇಂಗ್ರಜಿ ಬರಂಗಿಲ್ಲ. ನಾನೂ ತಾವೀಜ್ ಅನಕೊಂಡೆ. ಈಗೂ ಹಂಗೇ ಅನಕೋತೀನಿ, ಕಾರಖಾನಿಯವರು ಬಡದ್ರ ಏನಾತು?"

"ನಮ್ಮ ಗಾಡ್ಯಾಗೂ ಅಂಥಾದ್ದು ಇತ್ತಲ್ಲ?"

"ಇತ್ತು. ಕಾಶಿರಾಯಗ ನಾನೂ ಅದನ್ನೇ ಕೇಳಿದೆ. 'ಉಸ್ತಾದ್, ನಮ್ಮ ತಗಡು ಇನ್ನೂ ಪರೀಕ್ಷಾಕ್ಕ ಕುಂತಿಲ್ಲ. ಇದು ಪಾಸಾದ ತಗಡು. ರಾಯರ ಹುಡುಗ್ರು ದಿನಾ ಹಿಂದ ಕೂಡ್ತಾವ. ಕಣ್ಣು ಮುಚ್ಚಿದ್ರ ಆ ಪಲ್ಟಿ ಕಾಣ್ತದ' ಅಂದ. ಗುಜರಿಯವನ ಕಾಲು ಹಿಡದು ತಂದ. ನಾನೇ ಬಡದೀನಿ."

ರಾಯರ ಹುಡುಗ್ರು ಅಂದ್ರ ಯಾರು ಅಂತ ನಾ ಬಿಡಿಸಿ ಬರೀಬೇಕೇನು?

ಹಳೀ ತಗಡು ಎಲ್ಲಿ ಹೋತು ಅಂತ ಕೇಳಿದೆ. "ಅದರ ಕೆಳಗೇ ಅದ. ತೂತು ಎರಡಕ್ಕೂ ಒಂದೇ ಜಾಗಾದಾಗ ಇದ್ವು. 'ಹಳೇ ಯಂತ್ರ ಕೀಳಬಾರದು, ಮ್ಯಾಲ ಬಡೀರಿ' ಅಂದ ನಿನ್ನ ಗಂಡ" ಅಂತ ಹೇಳಿದ. ಹೇಳಿದ್ರ ಬಂದು ರಿವೆಟ್ ಕೊರದು ತೆಗದು ತೋರಸ್ತೀನಿ ಅಂದ.

ಬ್ಯಾಡ ಅಂದು ಬಂದೀನಿ. ಖರೇ ಹೇಳ್ತೀನಿ, ಅಂಜಿಕಿ ಅದ. ಕೆಳಗ ಏನೂ ಇರಲಿಲ್ಲಂದ್ರ? ಮಿಸ್ತ್ರೀಗಿ ವಯಸ್ಸಾಗ್ಯಾದ, ಮರೆತಿದ್ರ? ಅದು ಬಿಟ್ಟು, ನಮ್ಮವರು ಬಡಿಸಿದ್ದು ನಾ ಯಾಕ ಕೀಳಿಸಲಿ? ನೀವು ನಂಬಲಿಲ್ಲ ಅಂತ ಕೀಳಬೇಕೇನು? ನಿಮ್ಮನ್ನ ಸಾಲಿಗಿ ಕರಕೊಂಡು ಹೋದವರ ಮಾತು ಸಾಕಾಗಲ್ಲೇನು ನಿಮಗ?

ರೇವಮ್ಮ

&nbsp;

ಖೂಬಾ ಪ್ಲಾಟ್, ಕಲಬುರ್ಗಿ
7 ಆಗಸ್ಟ್ 1991

ರೇವಮ್ಮ ಅವರಿಗೆ,

ಕಥೆ ಚೆನ್ನಾಗಿದೆ. ಗೆಳೆಯನಿಗೆ ಓದಿ ಹೇಳಿದೆ, ಅವನು ಗುಜರಿ ಮಿಸ್ತ್ರಿಗಳು ಇಂಥವನ್ನು ಚಹಾ ಮುಗಿಯುವುದರೊಳಗೆ ಕಟ್ಟುತ್ತಾರೆ ಅಂದ. ನಾನು ಹಾಗೆ ಅನ್ನುವುದಿಲ್ಲ. ಆದರೆ ಬ್ಯಾಂಕಿನಲ್ಲಿ ಕೆಲಸ ಮಾಡುವವನು ನಾನು, ಕಾಗದ ನೋಡದೆ ಬಾಯಿ ಮಾತಿಗೆ ಹೂಂ ಅಂದು ಅಭ್ಯಾಸವಿಲ್ಲ.

ಎರಡು ರಿವೆಟ್ ತೆಗೆದರೆ ಮುಗಿಯುವ ಮಾತು. ಕೆಳಗೆ ತಗಡು ಇದ್ದರೆ ನಾನೇ ಕ್ಷಮೆ ಕೇಳುತ್ತೇನೆ. ನೀವು ತೆಗೆಯಲು ಹಿಂಜರಿಯುವುದೇ ಒಂದು ಉತ್ತರ ಅಂತ ಜನ ತಿಳಿದರೆ ಅದಕ್ಕೆ ನಾನು ಜವಾಬ್ದಾರನಲ್ಲ.

ಜಯತೀರ್ಥ

&nbsp;

ಕಮಲಾಪುರ
13 ಆಗಸ್ಟ್ 1991

ಜಯತೀರ್ಥರಾಯರಿಗೆ,

ಬಿಚ್ಚಿಸೀನಿ. ನಿಮ್ಮ ಸಲುವಾಗಿ ಅಲ್ಲ, ನನ್ನ ಅಂಜಿಕಿ ನನ್ನ ಗಂಡನ ಮ್ಯಾಲ ಕುಂದು ಅಂತ ಓದಬಾರದು, ಅದರ ಸಲುವಾಗಿ.

ನಿನ್ನಿ ಶ್ರಾವಣದ ಮೊದಲ ಸೋಮವಾರ. ಇಮಾಮುದ್ದೀನ್ ಮಿಸ್ತ್ರಿ ಮುಂಜಾನಿ ಬಸ್ಸಿಗೇ ಬಂದ, ಕೈ ಡ್ರಿಲ್ಲು ಚೀಲದಾಗ ಹಾಕ್ಕೊಂಡು. ಕಣ್ಣು ಕಾಣಂಗಿಲ್ಲ ಅಂತ ಯಂಕಪ್ಪ ಟಾರ್ಚ್ ಹಿಡದ. ನಾ ಉಪಾಸ ಇದ್ದೆ. ಡ್ರಿಲ್ಲಿನ ಸಪ್ಪಳ ಕೇಳಲಾಕ ಆಗದ ಶೆಡ್ಡಿನ ಹೊರಗ ಗ್ವಾಡೀಗಿ ಮಾರಿ ಮಾಡಿ ನಿಂತಿದ್ದೆ. ಮಿಸ್ತ್ರಿ ಒಳಗಿಂದ ಬೈಲಾಕತ್ತಿದ್ದ, "ಈ ರಿವೆಟ್ ಬಡದ ಹರಾಮ್‌ಖೋರ್ ಯಾರು, ಇಷ್ಟು ಗಟ್ಟಿ ಬಡದಾನ!" ಅಂತ. "ನೀನೇ ಅಲ್ಲೇನೋ ಚಾಚಾ" ಅಂದ ಯಂಕಪ್ಪ. "ಅದಕ್ಕೇ ಬೈಲಾಕತ್ತೀನಿ, ಬ್ಯಾರೆಯವರಿಗಿ ಬೈದ್ರ ಜಗಳ ಆಗ್ತದ" ಅಂದ.

ಆಮ್ಯಾಲ ಸಪ್ಪಳ ನಿಂತು ಹೋತು. ಆ ಹೊತ್ತಿನ್ಯಾಗ ನಾ ಏನೇನು ಅನಕೊಂಡೆ ಅಂತ ಬರೀಲಾಕ ಆಗಂಗಿಲ್ಲ. ನಮ್ಮವರ ಮ್ಯಾಲೂ ಒಂದು ಕ್ಷಣ ಸಂಶೇ ಬಂತು. ಅದು ನಿಮ್ಮ ಪುಣ್ಯ. ಅದನ್ನ ಮಾತ್ರ ನಾ ಮರಿಯಂಗಿಲ್ಲ.

"ಅವ್ವಾ, ಇನ್ನೊಂದು ಅದ!" ಅಂತ ಯಂಕಪ್ಪ ಕೂಗಿದ.

ನಡುವ ಎಣ್ಣಿ ಕುಂಕುಮ ಕೂಡಿ ಮೇಣ ಆಗಿತ್ತು. ಮ್ಯಾಲಿನ ತಗಡಿಗಿ ತುಕ್ಕಿನ ಚುಕ್ಕಿ ಅವ, ಕೆಳಗಿನದಕ್ಕ ಒಂದೂ ಇಲ್ಲ, ನಿನ್ನಿ ಬಡದಂಗ ಅದ. ಯಂಕಪ್ಪ ಓದಿದ. ಐದು, ಏಳು, ಗೆರಿ, ಒಂದು, ಸೊನ್ನಿ, ಒಂದು ಅಂದು ನಿಂತ. "ಮುಂದಿಂದು ಓದೋ ಭಾಡ್ಯಾ!" ಅಂತ ನಾ ಒದರಿದೆ. ಒಂಬತ್ತು ಅಂದ.

ಉಜ್ಜಿದ ಕಾಗದ ಇದರ ಸಂಗಡ ಅದ. ನಿಮ್ಮ ಪುಸ್ತಕಕ್ಕ ತೋರಸ್ರಿ.

ರೇವಮ್ಮ

&nbsp;

ಖೂಬಾ ಪ್ಲಾಟ್, ಕಲಬುರ್ಗಿ
26 ಆಗಸ್ಟ್ 1991

ಪ್ರಿಯ ರೇವಕ್ಕನಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಹೈದರಾಬಾದಿಗೆ ನಾನೇ ಹೋಗಿ ಪುಸ್ತಕಕ್ಕೆ ಹಿಡಿದು ನೋಡಿದೆ. 1019, ನಾಲ್ಕು ಬಾಗಿಲು, ಬಣ್ಣದ ಅಂಕಿ ಕಪ್ಪು. ಅಕ್ಷರಶಃ ತಂದೆಯವರ ಗಾಡಿ. ತಪ್ಪಾಯಿತು. ಕಾಶಣ್ಣ ನಮ್ಮ ಸಲುವಾಗಿ ಗುಜರಿಯವನ ಕಾಲು ಹಿಡಿದ ಅಂತ ನೀವು ಬರೆದ ಹಿಂದಿನ ಕಾಗದವನ್ನೂ ಮತ್ತೆ ತೆಗೆದು ಓದಿದೆ.

ಗೆಳೆಯನಿಗಂತೂ ಹಿಗ್ಗೋ ಹಿಗ್ಗು. ಹುಟ್ಟಿದಾಗಿನ ತಗಡು ಇಷ್ಟು ಶುದ್ಧವಾಗಿ ಉಳಿದ ಗಾಡಿ ಅವನು ನೋಡಿಯೇ ಇಲ್ಲವಂತೆ. ನೀವು ಕೇಳಿದ ಬೆಲೆ ಕೊಡುತ್ತಾನೆ. ಅವನದು ಒಂದೇ ಮಾತು, ಮೇಲಿನ ತಪ್ಪು ತಗಡನ್ನು ತೆಗೆದು ಒಗೆದುಬಿಡಬೇಕು, ಅದಿದ್ದರೆ ನೋಡಿದವರಿಗೆ ಅನುಮಾನ ಬರುತ್ತದೆ.

ಇನ್ನು ಅತ್ಯಾ ಅವರ ಮನೆಯಲ್ಲಿ ಆದ ಮಾತು. ಅದು ನನ್ನ ಬಾಯಿಂದಲೇ ಹೋದದ್ದು. ಯಾರಿಗೂ ಹೇಳಿಲ್ಲ ಅಂತ ಬರೆದದ್ದು ಸುಳ್ಳು. ಆದರೆ ಈಗ ಮತ್ತೆ ಎತ್ತಿದರೆ ಅತ್ಯಾಗೂ ಮುಜುಗರ, ನನಗೂ ಮುಜುಗರ. ಮನೆಯ ಮಾತು ಮನೆಯಲ್ಲೇ ಮುಗಿಯಲಿ. ನಮ್ಮಿಬ್ಬರಿಗೆ ಸತ್ಯ ಗೊತ್ತಾಯಿತಲ್ಲ, ಅಷ್ಟು ಸಾಕು.

ನಿಮ್ಮ
ಜಯತೀರ್ಥ

&nbsp;

ಕಮಲಾಪುರ
1 ಸೆಪ್ಟೆಂಬರ್ 1991

ಜಯತೀರ್ಥರಾಯರಿಗೆ,

ನಿಮ್ಮ ಕ್ಷಮಾ ಕಾಗದದಾಗ ಬಂತು. ನಮ್ಮವರ ಮ್ಯಾಲಿನ ಮಾತು ಕಾಗದದಾಗ ಹೋಗಿರಲಿಲ್ಲ. ಅದು ಬಾಯಾಗ ಹೋತು, ಭಜನಾದಾಗ ಹೋತು, ಬಜಾರದಾಗ ಹೋತು, ನನ್ನ ಬಾಳಿಹಣ್ಣಿನ ಬುಟ್ಟೀತನಕ ಬಂತು. ನಮ್ಮಿಬ್ಬರಿಗೆ ಗೊತ್ತಾದ್ರ ಸಾಕು ಅಂತೀರಿ. ನನಗ ಮೊದಲೇ ಗೊತ್ತಿತ್ತು. ಗೊತ್ತಿಲ್ಲದವರು ಖೂಬಾ ಪ್ಲಾಟಿನ್ಯಾಗ ಇದ್ದಾರ.

ಗಾಡಿ ಮಾರಂಗಿಲ್ಲ. ಎರಡೂ ತಗಡು ಮತ್ತ ಬಡಿಸೀನಿ. ಹುಟ್ಟಿದ ತಗಡು ಕೆಳಗ, ಪಾಸಾದ ತಗಡು ಮ್ಯಾಲ, ನಮ್ಮವರು ಇಟ್ಟಂಗ. ಆದ್ರ ಈ ಸಲ ರಿವೆಟ್ ಅಲ್ಲ, ಬಿಚ್ಚೂ ಸ್ಕ್ರೂ ಹಾಕಿಸೀನಿ, ಯಾರಿಗಿ ಸಂಶೇ ಅದ ಅವರು ತಾವೇ ಬಿಚ್ಚಿ ನೋಡ್ಲಿ. ನಿಮ್ಮ ಗೆಳೆಯರಿಗಿ ಅದು ತಪ್ಪು ತಗಡು. ಒಂದು ಕೂಸಿಗೂ ಗೀಚು ಆಗಲಾರದಂಗ ನಿಮ್ಮನ್ನ ದೊಡ್ಡವರು ಮಾಡಿದ್ದು ಅದು ಅಂತ ನಮ್ಮವರು ಸಾಯೂತನಕ ನಂಬಿದ್ರು. ಅದನ್ನ ಒಗೀರಿ ಅಂತ ನೀವು ಬರದೀರಲ್ಲ, ಕೈ ಹ್ಯಾಂಗ ಬಂತು?

ಈಗ ಕೇಳ್ರಿ. ಮುಂದಿನ ವಾರ, ಹತ್ತನೇ ತಾರೀಕು ಮಂಗಳವಾರ, ಗಾಡಿ ತಗೊಂಡು ಕಲಬುರ್ಗಿಗಿ ಬರ್ತೀನಿ. ಮಿಸ್ತ್ರಿ ನಾಕು ದಿನ ನಮ್ಮ ಶೆಡ್ಡಿನ್ಯಾಗೇ ಬಿದ್ದು ಎಂಜಿನ್ ಎಬ್ಬಿಸ್ಯಾನ. ಯಂಕಪ್ಪ ನಡಸ್ತಾನ. ಎಡಗಡೆ ಕುಂತು ನಡಸಿ ರೂಢಿಲ್ಲ ಅವನಿಗಿ, ಎದುರಿಗಿ ಲಾರಿ ಬಂದ್ರ ಏನು ಅಂತ ನನಗ ಈಗಿಂದಲೇ ಬೆವರು. ರೇಡಿಯೇಟರ್ ಸೋರ್ತದ, ನಾಕು ಕೊಡ ನೀರು ಇಟ್ಟುಕೊಂಡು ಬರ್ತೀವಿ. ಬ್ರೇಕ್ ಬಗ್ಗೆ ಕೇಳಬ್ಯಾಡ್ರಿ. ಸೀದಾ ಸಕ್ಕೂಬಾಯಿಯವರ ಮನೀ ಮುಂದ ನಿಲ್ಲಸಿ ಬಾನೆಟ್ ಎತ್ತಿ ಇಡ್ತೀನಿ. ಭಜನಾ ಆಗೂ ಹೊತ್ತಿಗೇ ಬರ್ತೀನಿ. ನೀವು ನಿಂತು, ಎರಡೂ ತಗಡು ಓದಿ, ಯಾವುದು ಎಲ್ಲಿಂದು, ಯಾಕ ಬಂತು ಅಂತ ಎಲ್ಲಾರಿಗೂ ಕೇಳೂ ಹಂಗ ಹೇಳಬೇಕು. ಬೈಗುಳ ಬ್ಯಾಡ, ಅಳೂದು ಬ್ಯಾಡ. ಓದಿದ್ರ ಸಾಕು.

ರೇವಮ್ಮ

&nbsp;

ತಾರು
ಕಲಬುರ್ಗಿ, 5 ಸೆಪ್ಟೆಂಬರ್ 1991

ದಯವಿಟ್ಟು ಬರಬೇಡಿ. ನಾನೇ ಎಲ್ಲರಿಗೂ ತಿಳಿಸುತ್ತೇನೆ. ಜಯತೀರ್ಥ

&nbsp;

ಕಮಲಾಪುರ
6 ಸೆಪ್ಟೆಂಬರ್ 1991

ಜಯತೀರ್ಥರಾಯರಿಗೆ,

ತಾರು ಬಂತು ಅಂತ ಓಣ್ಯಾಗಿನ ಹೆಂಗಸರು ಅಳಲಾಕ ತಯಾರಾಗಿ ಬಂದಿದ್ರು. ಓದಿಸಿ ಕೇಳಿ, ಚಹಾ ಕುಡದು ಹೋದ್ರು.

ನೀವು ತಿಳಸ್ರಿ, ಬ್ಯಾಡ ಅನ್ನಂಗಿಲ್ಲ. ನೀವು ತಿಳಸೂದು ಬ್ಯಾರೆ, ಗಾಡಿ ಬಂದು ನಿಲ್ಲೂದು ಬ್ಯಾರೆ. ಮನ್ಯಾಗ ಕುಂತು ಮೆತ್ತಗ ಹೇಳಿದ ಮಾತು ಮನೀ ಅಂಗಳ ದಾಟಂಗಿಲ್ಲ. ಅದು ನನಗಿಂತ ನಿಮಗೇ ಚೆಂದ ಗೊತ್ತದ.

ಈ ಸಲ ಬೇಕಂತಲೇ ಕಾರ್ಡು ಬರದೀನಿ, ಮುಚ್ಚೂ ಕಾಗದ ಅಲ್ಲ. ಇಲ್ಲಿ ಅಂಚೆಯವ ಓದಲಿ, ಅಲ್ಲಿ ಅಂಚೆಯವ ಓದಲಿ, ನಿಮ್ಮ ಮನ್ಯಾಗ ಯಾರ ಕೈಗಿ ಸಿಗ್ತದ ಅವರೂ ಓದಲಿ. ಕಾಶಿರಾಯ ಕಳ್ಳ ಅಲ್ಲ. ಗಾಡಿ ನರಸಿಂಹರಾಯರದು, ಅವರು ಕೈ ಎತ್ತಿ ಕೊಟ್ಟದ್ದು.

ಮಂಗಳವಾರ ಸಂಜಿ ಬರ್ತೀವಿ. ಗಾಡಿ ಭಾಳ ಅಗಲದ. ನಿಮ್ಮ ಓಣ್ಯಾಗ ಮನಿ ಮುಂದ ಸ್ಕೂಟರ್ ನಿಲ್ಲಸ್ತಾರಂತ, ತೆಗಸಿಡ್ರಿ.

ರೇವಮ್ಮ